ಅಮೆರಿಕದಲ್ಲಿ ಕ್ಲಿನಿಕಲ್ ರಿಹ್ಯಾಬ್ ಲಿಯಾಸನ್ ಆಗುವುದು ಹೇಗೆ? ನರ್ಸ್ ಮತ್ತು ಥೆರಪಿಸ್ಟ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಅಮೆರಿಕದ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಕನ್ನಡದ ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ರೋಗಿಗಳನ್ನು ಎತ್ತಿ ಇಳಿಸಿ ಸೊಂಟ ಹೋಯಿತು, ಆದರೆ ಕಷ್ಟಪಟ್ಟು ಪಡೆದ ಲೈಸೆನ್ಸ್ ಮೂಲೆಗೆ ಹಾಕಲು ಮನಸ್ಸಿಲ್ಲ. ಲಿಯಾಸನ್ ಕೆಲಸಕ್ಕೆ ಹೋಗಬಹುದೇ?’ ಊರಿನಲ್ಲಿರುವವರದ್ದು ಇನ್ನೊಂದು ಪ್ರಶ್ನೆ: ‘ಬೆಂಗಳೂರಿನಿಂದ ನೇರವಾಗಿ ಈ ಕೆಲಸಕ್ಕೇ ಬರಬಹುದೇ?’ ಎರಡನೆಯದಕ್ಕೆ ಉತ್ತರ ಚಿಕ್ಕದು. ಆಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಮೊದಲು ಅಲ್ಲಿನ ಲೈಸೆನ್ಸ್, ಆಮೇಲೆ ವಾರ್ಡಿನ ಅನುಭವ, ಅದಾದ ಮೇಲೆ ಈ ಕೆಲಸ. ಮೊದಲನೆಯ ಪ್ರಶ್ನೆಗೆ ಉತ್ತರ ಕೆಳಗಿದೆ.

ಮೊದಲು, ಈ ಕೆಲಸವೇನು?

ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ ರೋಗಿಗೆ ಐದಾರು ದಿನಗಳಲ್ಲಿ ಜೀವಾಪಾಯ ತಪ್ಪುತ್ತದೆ, ಆದರೆ ಎದ್ದು ನಡೆಯಲು ಆಗುತ್ತಿರುವುದಿಲ್ಲ. ಅಮೆರಿಕದಲ್ಲಿ ಅವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ. ಒಂದು, ಮನೆಗೆ ಹೋಗಿ ಅಲ್ಲಿಗೇ ನರ್ಸ್, ಥೆರಪಿಸ್ಟ್ ಬರುವ ಹೋಮ್ ಹೆಲ್ತ್. ಎರಡು, ಶುಶ್ರೂಷೆ ಹೆಚ್ಚು, ಥೆರಪಿ ಕಡಿಮೆ ಇರುವ ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿ. ಆಡುಮಾತಿನಲ್ಲಿ ಇದು ‘ಸ್ನಿಫ್’. ಮೂರು, ವೆಂಟಿಲೇಟರ್‌ನಂಥ ಅಗತ್ಯವಿದ್ದು ವಾರಗಟ್ಟಲೆ ಆಸ್ಪತ್ರೆ ಮಟ್ಟದ ಆರೈಕೆ ಬೇಕಾದವರಿಗೆ ‘ಎಲ್‌ಟ್ಯಾಕ್’. ನಾಲ್ಕು, ದಿನಕ್ಕೆ ಮೂರು ಗಂಟೆ ಥೆರಪಿ ಕೊಡುವ ಪುನರ್ವಸತಿ ಆಸ್ಪತ್ರೆ. ಇದನ್ನು ಇನ್‌ಪೇಷೆಂಟ್ ರಿಹ್ಯಾಬಿಲಿಟೇಷನ್ ಫೆಸಿಲಿಟಿ, ಚಿಕ್ಕದಾಗಿ ಐಆರ್‌ಎಫ್ ಎನ್ನುತ್ತಾರೆ.

ರಿಹ್ಯಾಬ್ ಲಿಯಾಸನ್ ಈ ಐಆರ್‌ಎಫ್‌ನ ನೌಕರ. ಕೆಲಸ ನಡೆಯುವುದು ಮಾತ್ರ ಬೇರೆಯವರ ಆಸ್ಪತ್ರೆಯಲ್ಲಿ. ಅಲ್ಲಿಗೆ ಹೋಗಿ ರೋಗಿಯ ಕಡತ ಓದುವುದು, ರೋಗಿಯನ್ನೂ ಮನೆಯವರನ್ನೂ ಮಾತನಾಡಿಸುವುದು, ಅವರು ಐಆರ್‌ಎಫ್‌ಗೆ ತಕ್ಕವರೇ ಎಂದು ಅಳೆಯುವುದು, ಅದನ್ನು ಬರೆದು ರಿಹ್ಯಾಬ್ ವೈದ್ಯರ ಒಪ್ಪಿಗೆ ಪಡೆಯುವುದು, ವಿಮೆಯ ಅನುಮತಿ ತರಿಸುವುದು, ಕೊನೆಗೆ ಆಂಬ್ಯುಲೆನ್ಸ್ ಹೊರಡುವವರೆಗೆ ಬೆನ್ನು ಹತ್ತುವುದು.

ಹೊರಗಿನಿಂದ ನೋಡಿದವರಿಗೆ ಇದು ಕಾರಿನಲ್ಲಿ ತಿರುಗಾಡುವ ಮಾರ್ಕೆಟಿಂಗ್ ಕೆಲಸದಂತೆ ಕಾಣುತ್ತದೆ. ಕೆಲವು ಸಂಸ್ಥೆಗಳು ಹಾಗೆಯೇ ನಡೆಸಿಕೊಳ್ಳುವುದೂ ಉಂಟು. ಆದರೆ ಈ ಹುದ್ದೆಯಲ್ಲಿ ತಳವೂರುವವರು ಚೆನ್ನಾಗಿ ಮಾತನಾಡುವವರಿಗಿಂತ ಹೆಚ್ಚಾಗಿ ಕಡತವನ್ನು ಸರಿಯಾಗಿ ಓದಿ, ಪ್ರಕರಣವನ್ನು ಗಟ್ಟಿಯಾಗಿ ಬರೆಯಬಲ್ಲವರು. ಮುಂದಿನ ಹಂತಗಳನ್ನೆಲ್ಲ ಇದೇ ಲೆಕ್ಕದಲ್ಲಿ ಓದಿಕೊಳ್ಳಿ.

ಹಂತ 1: ಲೈಸೆನ್ಸ್

ಮೆಡಿಕೇರ್ ನಿಯಮದ ಪ್ರಕಾರ ಪ್ರವೇಶಕ್ಕೆ ಮುಂಚಿನ ಪರಿಶೀಲನೆಯನ್ನು ಲೈಸೆನ್ಸ್ ಅಥವಾ ಸರ್ಟಿಫಿಕೇಟ್ ಇರುವ, ರಿಹ್ಯಾಬ್ ವೈದ್ಯರು ನೇಮಿಸಿದ ಕ್ಲಿನಿಕಲ್ ಸಿಬ್ಬಂದಿಯೇ ಮಾಡಬೇಕು. (ಮೆಡಿಕೇರ್ ಎಂದರೆ ಮುಖ್ಯವಾಗಿ 65 ದಾಟಿದವರಿಗೆ ಇರುವ ಕೇಂದ್ರ ಸರ್ಕಾರದ ಆರೋಗ್ಯ ವಿಮೆ.) ಹಾಗಾಗಿ ಈ ಹುದ್ದೆಗೆ ಬರುವವರು ಹೆಚ್ಚಾಗಿ ರಿಜಿಸ್ಟರ್ಡ್ ನರ್ಸ್, ಫಿಸಿಕಲ್ ಥೆರಪಿಸ್ಟ್, ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್. ಎಲ್‌ಪಿಎನ್ (ಪ್ರಾಕ್ಟಿಕಲ್ ನರ್ಸ್), ಥೆರಪಿ ಅಸಿಸ್ಟೆಂಟ್, ರೆಸ್ಪಿರೇಟರಿ ಥೆರಪಿಸ್ಟ್‌ಗಳನ್ನು ತೆಗೆದುಕೊಳ್ಳುವ ಸಂಸ್ಥೆಗಳೂ ಇವೆ. ರಾಜ್ಯದ ವೃತ್ತಿ ಕಾಯ್ದೆ ಅವರಿಗೆ ಎಷ್ಟರಮಟ್ಟಿಗೆ ಅವಕಾಶ ಕೊಡುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಕರ್ನಾಟಕದಲ್ಲಿ ಓದಿದ ನರ್ಸ್‌ಗಳಿಗೆ ಬೇಕಾದದ್ದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ದೃಢೀಕರಣ, ಆಮೇಲೆ ಎನ್‌ಕ್ಲೆಕ್ಸ್-ಆರ್‌ಎನ್ ಎಂಬ ಲೈಸೆನ್ಸ್ ಪರೀಕ್ಷೆ. ಈ ಪರೀಕ್ಷೆಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಫಿಸಿಯೋಥೆರಪಿಯವರ ದಾರಿ ಇದಕ್ಕಿಂತ ಉದ್ದ. ಅಮೆರಿಕದಲ್ಲಿ ಪ್ರವೇಶ ಮಟ್ಟದ ಪದವಿಯೇ ಡಾಕ್ಟರೇಟ್ ಆಗಿರುವುದರಿಂದ ನಮ್ಮ ಫಿಸಿಯೋಥೆರಪಿ ಪದವಿಯಾದ ಬಿಪಿಟಿಯನ್ನು ವಿಷಯವಾರು ತೂಗಿ ನೋಡುತ್ತಾರೆ. ಕೊರತೆ ಕಂಡರೆ ಆ ಕೋರ್ಸ್‌ಗಳನ್ನು ಓದಿ ತುಂಬಿ, ಆಮೇಲೆ ಎನ್‌ಪಿಟಿಇ ಎಂಬ ಲೈಸೆನ್ಸ್ ಪರೀಕ್ಷೆ ಬರೆಯಬೇಕು.

ಎಡವುವುದು ಎರಡು ಕಡೆ. ಒಂದು, ಹೆಸರು. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರಿನ ಅಥವಾ ತಂದೆಯ ಹೆಸರು ಬಿಡಿಸಿ ಬರೆದದ್ದು, ಇನ್ನು ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಸರ್‌ನೇಮ್ ಖಾಲಿ ಇದ್ದರೆ ವೀಸಾದಲ್ಲಿ ನಿಮ್ಮ ಹೆಸರು ಆ ಜಾಗಕ್ಕೆ ಸರಿದು, ಮೊದಲ ಹೆಸರಿನಲ್ಲಿ ‘ಎಫ್‌ಎನ್‌ಯು’ ಎಂದು ಕೂರುತ್ತದೆ. ಲೈಸೆನ್ಸ್ ಒಂದು ಹೆಸರಿನಲ್ಲಿ, ಆಸ್ಪತ್ರೆಯ ಲಾಗಿನ್ ಇನ್ನೊಂದು ಹೆಸರಿನಲ್ಲಿ ಆದರೆ ಕೆಲಸಕ್ಕೆ ಸೇರುವ ಹೊತ್ತಿನ ಪರಿಶೀಲನೆ ವಾರಗಟ್ಟಲೆ ನಿಲ್ಲುತ್ತದೆ. ಹೊರಡುವ ಮೊದಲೇ ಎಲ್ಲ ಕಡೆ ಒಂದೇ ಹೆಸರು ಮಾಡಿಸಿಕೊಳ್ಳಿ. ಎರಡು, ವೀಸಾ. ನರ್ಸ್ ಮತ್ತು ಫಿಸಿಕಲ್ ಥೆರಪಿಸ್ಟ್‌ಗಳು ‘ಷೆಡ್ಯೂಲ್ ಎ’ ಪಟ್ಟಿಯಲ್ಲಿರುವುದರಿಂದ ಅವರ ಗ್ರೀನ್ ಕಾರ್ಡ್‌ಗೆ ‘ಈ ಕೆಲಸಕ್ಕೆ ಅಮೆರಿಕನ್ನರು ಸಿಗುತ್ತಿಲ್ಲ’ ಎಂದು ತೋರಿಸುವ ಲೇಬರ್ ಸರ್ಟಿಫಿಕೇಷನ್ ಬೇಡ. ಆದರೆ ಭಾರತೀಯರ ಇಬಿ-3 (ನೌಕರಿ ಆಧಾರದ ಗ್ರೀನ್ ಕಾರ್ಡ್‌ನ ಒಂದು ವರ್ಗ) ಸರತಿ ಹತ್ತು ವರ್ಷ ಮೀರಿದೆ. ಪ್ರಾಯೋಜಕರು ಅರ್ಜಿಯಲ್ಲಿ ತೋರಿಸಿದ ಹುದ್ದೆ ಒಂದು, ನೀವು ಮಾಡುವ ಹುದ್ದೆ ಇನ್ನೊಂದು ಆಗಕೂಡದು. ವೀಸಾ ಅಥವಾ ಗ್ರೀನ್ ಕಾರ್ಡ್ ಅರ್ಜಿ ನಡುವಿನಲ್ಲಿರುವವರು ವಲಸೆ ವಕೀಲರನ್ನು ಕೇಳದೆ ಲಿಯಾಸನ್ ಹುದ್ದೆಗೆ ಜಿಗಿಯಬೇಡಿ.

ಹಂತ 2: ವಾರ್ಡಿನ ಅನುಭವ

ಜಾಹೀರಾತುಗಳು ಸಾಮಾನ್ಯವಾಗಿ ಎರಡು ವರ್ಷವಾದರೂ ಅನುಭವ ಕೇಳುತ್ತವೆ. ಎಲ್ಲಿಯ ಅನುಭವ ಎಂಬುದು ವರ್ಷದ ಲೆಕ್ಕಕ್ಕಿಂತ ಮುಖ್ಯ. ಐಆರ್‌ಎಫ್ ವಾರ್ಡ್, ನರರೋಗ ವಿಭಾಗ, ಮೂಳೆ ಮತ್ತು ಅಪಘಾತ ವಿಭಾಗ, ಐಸಿಯು, ಇವು ಒಳ್ಳೆಯ ತಳಹದಿ.

ಪ್ರತಿಯೊಬ್ಬರಿಗೂ ಒಂದು ಕುರುಡು ಜಾಗ ಇರುತ್ತದೆ. ನರ್ಸ್‌ಗೆ ಔಷಧ, ಲ್ಯಾಬ್ ವರದಿ ನೀರು ಕುಡಿದಷ್ಟು ಸಲೀಸು, ಆದರೆ ‘ಮಾಡರೇಟ್ ಅಸಿಸ್ಟ್’ ಎಂದರೆ ನಿಖರವಾಗಿ ಎಷ್ಟು ಎಂದು ಕೇಳಿದರೆ ತಡವರಿಸುತ್ತಾರೆ. ಥೆರಪಿಸ್ಟ್‌ಗೆ ಇದು ಉಲ್ಟಾ. ಥೆರಪಿಯ ರೂಢಿಯ ಲೆಕ್ಕ ಹೀಗಿದೆ: ಕೆಲಸದ ಶೇ. 75 ಅಥವಾ ಹೆಚ್ಚು ಭಾಗ ರೋಗಿಯೇ ಮಾಡಿದರೆ ಮಿನಿಮಲ್, 50ರಿಂದ 74 ಆದರೆ ಮಾಡರೇಟ್, 25ರಿಂದ 49 ಆದರೆ ಮ್ಯಾಕ್ಸಿಮಲ್, ಅದಕ್ಕೂ ಕಡಿಮೆಯಾದರೆ ಟೋಟಲ್. ಐಆರ್‌ಎಫ್‌ಗಳು ಮೆಡಿಕೇರ್‌ಗೆ ಕಳಿಸುವ ‘ಸೆಕ್ಷನ್ ಜಿಜಿ’ ಅಂಕಪದ್ಧತಿ ಬೇರೆ. ಅಲ್ಲಿ 6 ಅಂದರೆ ಸ್ವತಂತ್ರ, 5 ಅಂದರೆ ಸಿದ್ಧಪಡಿಸಿ ಕೊಟ್ಟರೆ ಸಾಕು, 4 ಅಂದರೆ ಮೇಲ್ವಿಚಾರಣೆ ಅಥವಾ ಕೈ ಆಸರೆ, 3 ಅಂದರೆ ಸಹಾಯಕರ ಶ್ರಮ ಅರ್ಧಕ್ಕಿಂತ ಕಡಿಮೆ, 2 ಅಂದರೆ ಅರ್ಧಕ್ಕಿಂತ ಹೆಚ್ಚು, 1 ಅಂದರೆ ಪೂರ್ತಿ ಅವಲಂಬನೆ. 2019ರ ಅಕ್ಟೋಬರ್‌ಗೆ ಮುಂಚೆ ‘ಫಿಮ್’ ಎಂಬ ಏಳು ಅಂಕಗಳ ಪದ್ಧತಿ ಇತ್ತು. ಹಳೆಯ ಸಿಬ್ಬಂದಿ ಈಗಲೂ ಅದೇ ಲೆಕ್ಕದಲ್ಲಿ ಮಾತನಾಡುತ್ತಾರೆ, ಎರಡನ್ನೂ ಬೆರೆಸಬೇಡಿ.

ನರ್ಸ್‌ಗಳಿಗೆ ‘ಸಿಆರ್‌ಆರ್‌ಎನ್’ ಎಂಬ ಪುನರ್ವಸತಿ ನರ್ಸಿಂಗ್ ಪ್ರಮಾಣಪತ್ರ ಇದೆ. ಕಳೆದ ಐದು ವರ್ಷಗಳಲ್ಲಿ ಎರಡು ವರ್ಷ ಪುನರ್ವಸತಿ ನರ್ಸಿಂಗ್ ಮಾಡಿದವರು ಬರೆಯಬಹುದು. ಕಡ್ಡಾಯವಲ್ಲ, ಆದರೆ ಅರ್ಜಿಗಳ ರಾಶಿಯಲ್ಲಿ ನಿಮ್ಮದು ಮೇಲೆ ಬರುತ್ತದೆ.

ಹಂತ 3: ನಿಯಮ ಬಾಯಿಪಾಠವಾಗಲಿ

ಮೆಡಿಕೇರ್ ಬೆನಿಫಿಟ್ ಪಾಲಿಸಿ ಮ್ಯಾನ್ಯುಯಲ್‌ನ ಮೊದಲ ಅಧ್ಯಾಯದ 110ನೇ ವಿಭಾಗವನ್ನು ಸರ್ಕಾರಿ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಂಡು ಓದಿ. ದುಡ್ಡು ಕೊಟ್ಟು ಸೇರುವ ಯಾವ ಆನ್‌ಲೈನ್ ಕೋರ್ಸೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಐಆರ್‌ಎಫ್ ಪ್ರವೇಶಕ್ಕೆ ಅದು ಕೇಳುವುದು ಐದು ಸಂಗತಿ:

1. ಒಂದಕ್ಕಿಂತ ಹೆಚ್ಚು ಬಗೆಯ ಥೆರಪಿ ಬೇಕು. ಅದರಲ್ಲೊಂದು ಫಿಸಿಕಲ್ ಅಥವಾ ಆಕ್ಯುಪೇಷನಲ್ ಆಗಿರಲೇಬೇಕು.
2. ತೀವ್ರ ಥೆರಪಿ ಬೇಕು. ಸಾಮಾನ್ಯವಾಗಿ ದಿನಕ್ಕೆ 3 ಗಂಟೆಯಂತೆ ವಾರಕ್ಕೆ 5 ದಿನ. ಕಾರಣ ದಾಖಲಾಗಿದ್ದರೆ ಸತತ 7 ದಿನಗಳಲ್ಲಿ ಒಟ್ಟು 15 ಗಂಟೆ ಕೊಟ್ಟರೂ ನಡೆಯುತ್ತದೆ.
3. ರೋಗಿ ಅದರಲ್ಲಿ ಪಾಲ್ಗೊಳ್ಳಬಲ್ಲರು, ಅದರಿಂದ ಗಣನೀಯ ಪ್ರಯೋಜನ ಪಡೆಯುತ್ತಾರೆ ಎಂದು ನಂಬಲು ಆಧಾರವಿರಬೇಕು.
4. ರಿಹ್ಯಾಬ್ ವೈದ್ಯರ ಮೇಲ್ವಿಚಾರಣೆ ಬೇಕಿರಬೇಕು, ಅಂದರೆ ವಾರಕ್ಕೆ ಕನಿಷ್ಠ 3 ಮುಖಾಮುಖಿ ಭೇಟಿ.
5. ವಾರಕ್ಕೊಮ್ಮೆ ಸಭೆ ಸೇರುವ ಬೇರೆ ಬೇರೆ ಪರಿಣತರ ತಂಡದ ಆರೈಕೆ ಬೇಕಿರಬೇಕು.

ಹೊಸಬರು ಹೆಚ್ಚು ತಪ್ಪುವುದು ನಾಲ್ಕನೆಯದರಲ್ಲಿ. ರೋಗಿ ವಾರ್ಡಿನಿಂದ ಹೊರಡುವಷ್ಟು ಸ್ಥಿರವಾಗಿರಬೇಕು, ಹಾಗೆಯೇ ವೈದ್ಯರ ಕಣ್ಣು ಬೇಕಾಗುವಷ್ಟು ಸಂಕೀರ್ಣವಾಗಿಯೂ ಇರಬೇಕು. ‘ಎಲ್ಲ ಸರಿಯಾಗಿದೆ, ನಡಿಗೆ ಒಂದೇ ಬಾಕಿ’ ಎಂದು ಬರೆದರೆ ರೋಗಿಯನ್ನು ಸ್ನಿಫ್‌ಗೆ ಕಳಿಸಿ ಎಂದು ನೀವೇ ಹೇಳಿಕೊಟ್ಟಂತೆ.

ಇನ್ನೊಂದು ‘ಶೇ. 60 ನಿಯಮ’. ಐಆರ್‌ಎಫ್ ಎಂಬ ಮಾನ್ಯತೆ ಉಳಿಯಬೇಕಾದರೆ ವರ್ಷದ ರೋಗಿಗಳಲ್ಲಿ ಕನಿಷ್ಠ ಶೇ. 60 ಮಂದಿಗೆ ಪಟ್ಟಿ ಮಾಡಿದ 13 ಸ್ಥಿತಿಗಳಲ್ಲಿ ಒಂದಿರಬೇಕು. ಪಾರ್ಶ್ವವಾಯು, ಬೆನ್ನುಹುರಿ ಪೆಟ್ಟು, ಮಿದುಳಿನ ಪೆಟ್ಟು, ಅಂಗಚ್ಛೇದನ, ತೊಡೆಮೂಳೆ ಮುರಿತ, ಸುಟ್ಟಗಾಯ, ಪಾರ್ಕಿನ್ಸನ್ಸ್‌ನಂಥ ನರರೋಗಗಳು ಅದರಲ್ಲಿವೆ. ಮಂಡಿ ಅಥವಾ ಸೊಂಟದ ಕೀಲು ಬದಲಾವಣೆ ಎಲ್ಲರದ್ದೂ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಬದಿ ಒಟ್ಟಿಗೆ ಆಗಿರಬೇಕು, ಅಥವಾ ಬಿಎಂಐ 50 ಮುಟ್ಟಿರಬೇಕು, ಅಥವಾ ವಯಸ್ಸು 85 ಆಗಿರಬೇಕು. ಇದು ಇಡೀ ಆಸ್ಪತ್ರೆಯ ಲೆಕ್ಕವೇ ಹೊರತು ಒಬ್ಬ ರೋಗಿಯ ಅರ್ಹತೆಯ ಲೆಕ್ಕವಲ್ಲ. 13ರಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ, ನ್ಯುಮೋನಿಯಾದ ನಂತರ ಸೋತುಹೋದ ರೋಗಿಯನ್ನು ಬಾಗಿಲಲ್ಲೇ ತಳ್ಳಿಹಾಕುವುದು ತಪ್ಪು.

ಹಂತ 4: ಕಡತ ಓದುವ ಕ್ರಮ

ಅಮೆರಿಕದ ಆಸ್ಪತ್ರೆಯ ಎಲೆಕ್ಟ್ರಾನಿಕ್ ಕಡತ ನೂರಾರು ಪುಟದ್ದು. ಅದರಲ್ಲಿ ಅರ್ಧ ಹಿಂದಿನ ದಿನದ್ದನ್ನೇ ನಕಲು ಮಾಡಿ ಅಂಟಿಸಿದ್ದು. ಮೊದಲಿನಿಂದ ಕೊನೆಗೆ ಓದುತ್ತಾ ಕೂತರೆ ದಿನಕ್ಕೆ ಇಬ್ಬರು ರೋಗಿಗಳೂ ಮುಗಿಯುವುದಿಲ್ಲ. ಈ ಕ್ರಮ ಹಿಡಿಯಿರಿ.

*ಕಾಯಿಲೆಗೆ ಮೊದಲಿನ ಸ್ಥಿತಿ.* ವೈದ್ಯರ ಟಿಪ್ಪಣಿಯಲ್ಲಿ ಇದು ಸಿಗುವುದು ಅಪರೂಪ. ಥೆರಪಿಸ್ಟ್‌ನ ಮೊದಲ ಪರೀಕ್ಷೆಯಲ್ಲಿ ನೋಡಿ. ಮೊದಲೇ ಹಾಸಿಗೆ ಹಿಡಿದಿದ್ದವರನ್ನು ನಡೆಸುತ್ತೇವೆ ಎನ್ನಲಾಗದು.

*ಈಗಿನ ಸಾಮರ್ಥ್ಯ.* ತೀರಾ ಇತ್ತೀಚಿನ ಥೆರಪಿ ಟಿಪ್ಪಣಿಯೇ ಬೇಕು. ಮೂರು ದಿನ ಹಳೆಯದಾದರೆ ಹೊಸ ಪರೀಕ್ಷೆ ಮಾಡಿಸಲು, ಬಿಡುಗಡೆಯ ಏರ್ಪಾಡು ನೋಡುವ ಆ ಆಸ್ಪತ್ರೆಯ ಕೇಸ್ ಮ್ಯಾನೇಜರ್ ಅವರನ್ನು ಕೇಳಿ. ಹಲವು ಆಸ್ಪತ್ರೆಗಳಲ್ಲಿ ‘ಸಿಕ್ಸ್ ಕ್ಲಿಕ್ಸ್’ ಎಂಬ 6ರಿಂದ 24ರವರೆಗಿನ ಅಂಕ ಕಾಣುತ್ತದೆ. ಅದು ದಿಕ್ಸೂಚಿಯಷ್ಟೇ, ಅದೊಂದನ್ನೇ ನೋಡಿ ತೀರ್ಮಾನಿಸಬಾರದು. ‘ರೋಗಿ ಥೆರಪಿ ನಿರಾಕರಿಸಿದರು’ ಎಂದಿದ್ದರೆ ಗಂಟೆ ನೋಡಿ. ನೋವಿನ ಮಾತ್ರೆ ಕೊಡುವ ಮುಂಚೆಯೇ ಎಬ್ಬಿಸಿದ್ದರೇ? ಡಯಾಲಿಸಿಸ್ ಮುಗಿಸಿ ಬಂದ ತಕ್ಷಣವೇ? ಕಾರಣ ಸಿಕ್ಕಿದರೆ ಅದು ನಿರಾಕರಣೆ ಅಲ್ಲ.

*ಕಳೆದ 48 ಗಂಟೆ.* ಜ್ವರ, ರಕ್ತದೊತ್ತಡ, ಆಮ್ಲಜನಕ ಎಷ್ಟು ಲೀಟರ್, ಹನಿಹನಿಯಾಗಿ ಹೋಗುತ್ತಿರುವ ಔಷಧ ಯಾವುದು. ಹೀಮೋಗ್ಲೋಬಿನ್, ಸೋಡಿಯಂ, ಕ್ರಿಯಾಟಿನಿನ್, ಬಿಳಿರಕ್ತಕಣಗಳಲ್ಲಿ ಒಂದು ದಿನದ ಅಂಕಿ ನೋಡಿ ಸುಮ್ಮನಾಗಬೇಡಿ, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ.

*ಔಷಧ ಪಟ್ಟಿ.* ರಕ್ತನಾಳದ ಆ್ಯಂಟಿಬಯಾಟಿಕ್ ಎಂದು ಮುಗಿಯುತ್ತದೆ? ಕೀಮೋ ಇದೆಯೇ? ದುಬಾರಿ ಔಷಧ ಕಂಡರೆ ಮೊದಲೇ ನಿಮ್ಮ ಫಾರ್ಮಸಿಗೆ ತಿಳಿಸಿ. ಮೆಡಿಕೇರ್ ಐಆರ್‌ಎಫ್‌ಗೆ ಒಂದು ದಾಖಲಾತಿಗೆ ಒಂದೇ ಕಟ್ಟಿನ ಹಣ ಕೊಡುತ್ತದೆ, ಔಷಧದ ಖರ್ಚೂ ಅದರಲ್ಲೇ ಬರಬೇಕು.

*ಕೊಳವೆಗಳು, ಗಾಯಗಳು.* ಮೂಗಿನ ಕೊಳವೆ, ಹೊಟ್ಟೆಯ ಪೆಗ್ ಕೊಳವೆ, ಟ್ರಾಕಿಯಾಸ್ಟಮಿ, ಪಿಕ್ ಲೈನ್, ಮೂತ್ರದ ಕ್ಯಾಥಿಟರ್, ವೂಂಡ್ ವ್ಯಾಕ್. ನಿಮ್ಮ ಆಸ್ಪತ್ರೆ ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳುತ್ತದೆ ಎಂಬ ಪಟ್ಟಿ ಜೇಬಿನಲ್ಲಿರಲಿ.

*ಸೋಂಕು, ತೂಕ, ಕಾವಲು.* ಸಿ-ಡಿಫ್‌ನಂಥ ಸೋಂಕಿಗೆ ಒಂಟಿ ಕೋಣೆ ಬೇಕು. ತೂಕ ಹೆಚ್ಚಿದ್ದರೆ ದೊಡ್ಡ ಮಂಚ, ಲಿಫ್ಟ್ ಬೇಕು. ರೋಗಿಯ ಪಕ್ಕ ಯಾರಾದರೂ ಕಾವಲು ಕೂತಿದ್ದರೆ ಅಥವಾ ಕೈ ಕಟ್ಟಿದ್ದರೆ, ಅದು ನಿಂತು 24 ಗಂಟೆಯಾದರೂ ಆಗಿರಲಿ ಎಂದು ಕೇಳುವ ಐಆರ್‌ಎಫ್‌ಗಳಿವೆ. ನಿಮ್ಮಲ್ಲಿ ಏನು ಪದ್ಧತಿ ಎಂದು ತಿಳಿದುಕೊಳ್ಳಿ.

*ಡಯಾಲಿಸಿಸ್.* ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ ಹೋದರೆ ಮೂರು ಗಂಟೆ ಥೆರಪಿ ಎಲ್ಲಿ ಕೂರಿಸುತ್ತೀರಿ? 15 ಗಂಟೆಯ ವಾರದ ಲೆಕ್ಕ ಹಾಕುವುದು ಇಂಥವರಿಗೇ. ಮನೆಗೆ ಹೋದ ಮೇಲೆ ಅವರಿಗೆ ಹೊರಗಿನ ಡಯಾಲಿಸಿಸ್ ಕೇಂದ್ರದಲ್ಲಿ ಜಾಗ ಇದೆಯೇ ಎಂಬುದನ್ನೂ ಈಗಲೇ ಕೇಳಿ.

*ಬಾಕಿ ಇರುವ ಪರೀಕ್ಷೆ.* ‘ನಾಳೆ ಎಂಆರ್‌ಐ’ ಎಂಬ ಒಂದು ಸಾಲು ಕಣ್ತಪ್ಪಿದರೆ ಆಂಬ್ಯುಲೆನ್ಸ್ ಬಂದು ಖಾಲಿ ಹಿಂತಿರುಗುತ್ತದೆ.

ಹಂತ 5: ಹಾಸಿಗೆಯ ಬಳಿ

ಕಡತ ಓದಿದ ಮೇಲೆ ಇಪ್ಪತ್ತು ನಿಮಿಷ ಸಾಕು. ನೀವು ಈ ಆಸ್ಪತ್ರೆಯವರಲ್ಲ, ಇಂಥ ಪುನರ್ವಸತಿ ಆಸ್ಪತ್ರೆಯಿಂದ ಬಂದವರು ಎಂದು ಮೊದಲ ವಾಕ್ಯದಲ್ಲೇ ಹೇಳಿ. ಎರಡು ಹಂತದ ಸೂಚನೆ ಪಾಲಿಸುತ್ತಾರೆಯೇ, ಎಷ್ಟು ಹೊತ್ತು ಗಮನ ಕೊಡುತ್ತಾರೆ, ಕೂತರೆ ತಲೆ ಸುತ್ತುತ್ತದೆಯೇ ಎಂದು ಗಮನಿಸಿ. ನೀವೇ ಎಬ್ಬಿಸಿ ನಡೆಸಲು ಹೋಗಬೇಡಿ. ಆ ಆಸ್ಪತ್ರೆಯಲ್ಲಿ ನಿಮಗೆ ಚಿಕಿತ್ಸೆ ಕೊಡುವ ಅಧಿಕಾರವಿಲ್ಲ. ರೋಗಿ ಬಿದ್ದರೆ ಹೊಣೆ ನಿಮ್ಮ ಮೇಲೆ.

ಮನೆಯ ಬಗ್ಗೆ ಬಿಡಿಬಿಡಿಯಾಗಿ ಕೇಳಿ. ಬಾಗಿಲಿಗೆ ಎಷ್ಟು ಮೆಟ್ಟಿಲು, ಮೆಟ್ಟಿಲಿನ ಹಿಡಿಕಂಬಿ ಯಾವ ಬದಿಗೆ, ಸ್ನಾನದ ಮನೆ ಕೆಳಗೋ ಮೇಲೋ, ಯಾರು ಜೊತೆಗಿರುತ್ತಾರೆ, ದಿನಕ್ಕೆ ಎಷ್ಟು ಗಂಟೆ. ‘ಮಗಳು ನೋಡಿಕೊಳ್ಳುತ್ತಾಳೆ’ ಎಂದರೆ ಮಗಳಿಗೇ ಫೋನ್ ಮಾಡಿ. ಆಕೆ ಬೇರೆ ರಾಜ್ಯದಲ್ಲಿದ್ದು, ಕೆಲಸ ಬಿಟ್ಟು ಬರುವ ಸ್ಥಿತಿಯಲ್ಲಿ ಇಲ್ಲದಿರಬಹುದು. ಮನೆಯವರಿಗೆ ದಿನಗಳ ಭರವಸೆ ಕೊಡಬೇಡಿ. ಐಆರ್‌ಎಫ್‌ನಲ್ಲಿ ಇರುವುದು ಸರಾಸರಿ ಎರಡು ವಾರದ ಆಸುಪಾಸು. ‘ಪೂರ್ತಿ ಗುಣವಾಗುವವರೆಗೆ ಇಟ್ಟುಕೊಳ್ಳುತ್ತಾರೆ’ ಎಂದು ಅವರು ತಿಳಿದಿರುತ್ತಾರೆ.

ಕನ್ನಡ ಬಲ್ಲವರಿಗೆ ಒಂದು ಮಾತು. ಮಕ್ಕಳ ಮನೆಗೆ ಬಂದ ಕನ್ನಡದ ಹಿರಿಯರೊಬ್ಬರು ಆ ವಾರ್ಡಿನಲ್ಲಿದ್ದರೆ ಎಲ್ಲರೂ ನಿಮ್ಮನ್ನೇ ಕರೆಯುತ್ತಾರೆ. ಅಜ್ಜಿಯನ್ನು ಧಾರಾಳವಾಗಿ ಮಾತನಾಡಿಸಿ, ಧೈರ್ಯ ಹೇಳಿ. ಆದರೆ ಒಪ್ಪಿಗೆ ಪತ್ರ, ಕಾಯಿಲೆಯ ವಿವರಣೆಗೆ ಅರ್ಹ ದುಭಾಷಿಯೇ ಬೇಕು. ಆ ಅರ್ಹತೆಯ ಪರೀಕ್ಷೆ ನಿಮಗೆ ಆಗಿಲ್ಲದಿದ್ದರೆ ಫೋನ್ ಮೂಲಕ ಕನ್ನಡ ದುಭಾಷಿಯನ್ನು ಕೇಳಿ ಪಡೆಯಿರಿ. ಇಂಥ ಹಿರಿಯರ ವಿಮೆಯನ್ನೂ ಮೊದಲೇ ನೋಡಿ. ಪ್ರವಾಸಿಗರ ವಿಮೆ ತುರ್ತು ಚಿಕಿತ್ಸೆಗೆಂದು ಮಾಡಿದ್ದು, ಒಳರೋಗಿ ಪುನರ್ವಸತಿಗೆ ಒದಗುತ್ತದೆ ಎಂದು ಪಾಲಿಸಿ ಓದದೆ ಹೇಳಬೇಡಿ. ಗ್ರೀನ್ ಕಾರ್ಡ್ ಇದ್ದು ಅಲ್ಲಿ ದುಡಿದ ದಾಖಲೆ ಇಲ್ಲದವರು 65 ದಾಟಿ, ಸತತ ಐದು ವರ್ಷ ನೆಲೆಸಿದ ಮೇಲಷ್ಟೇ ಮೆಡಿಕೇರ್ ಕೊಂಡುಕೊಳ್ಳಬಹುದು.

ಹಂತ 6: ಪ್ರವೇಶಪೂರ್ವ ಪರಿಶೀಲನೆ ಬರೆಯುವುದು

ಪ್ರಿ-ಅಡ್ಮಿಷನ್ ಸ್ಕ್ರೀನಿಂಗ್, ಬಾಯಿಮಾತಿನಲ್ಲಿ ‘ಪ್ಯಾಸ್’. ನಿಮ್ಮ ಕೆಲಸದ ತಿರುಳು ಇದೇ. ಇದರಲ್ಲಿ ಇರಲೇಬೇಕಾದದ್ದು: ಕಾಯಿಲೆಗೆ ಮೊದಲಿನ ಸಾಮರ್ಥ್ಯ, ನಿರೀಕ್ಷಿತ ಸುಧಾರಣೆ, ಅದಕ್ಕೆ ಬೇಕಾಗುವ ಕಾಲ, ವೈದ್ಯಕೀಯ ತೊಡಕುಗಳ ಅಪಾಯ, ಪುನರ್ವಸತಿ ಬೇಕಾಗಿಸಿದ ಸ್ಥಿತಿ, ಯಾವ ಯಾವ ಥೆರಪಿ ಬೇಕು, ಬಿಡುಗಡೆಯ ನಂತರ ಎಲ್ಲಿಗೆ. ಬರೀ ಗುರುತು ಹಾಕುವ ಚೌಕಗಳ ಪಟ್ಟಿ ಸಾಲದು ಎಂದು ಮ್ಯಾನ್ಯುಯಲ್ ಸ್ಪಷ್ಟವಾಗಿಯೇ ಹೇಳುತ್ತದೆ. ಫೋನ್‌ನಲ್ಲೇ ಮುಗಿಸಿದ ಪರಿಶೀಲನೆ ನಡೆಯಬೇಕಾದರೆ ಕಡತವನ್ನು ತರಿಸಿಕೊಂಡು ಓದಿರಲೇಬೇಕು.

ಸೋಲುವ ಬರಹ ಹೀಗಿರುತ್ತದೆ: ‘68 ವರ್ಷದ ರೋಗಿ, ಪಾರ್ಶ್ವವಾಯು, ನಿಶ್ಶಕ್ತಿ ಇದೆ, ಪುನರ್ವಸತಿಯಿಂದ ಪ್ರಯೋಜನವಾಗುತ್ತದೆ.’

ನಿಲ್ಲುವ ಬರಹದ ಮಾದರಿ ಇದು: ‘68 ವರ್ಷದ ರೋಗಿ. ಮೊದಲು ಆಸರೆಯಿಲ್ಲದೆ ನಡೆಯುತ್ತಿದ್ದರು, ಕಾರು ಓಡಿಸುತ್ತಿದ್ದರು. ಒಂದಂತಸ್ತಿನ ಮನೆ, 3 ಮೆಟ್ಟಿಲು, ಬಲಗಡೆ ಹಿಡಿಕಂಬಿ. ಎಡ ಮಿದುಳಿನ ಪಾರ್ಶ್ವವಾಯು, ಬಲಗೈ ಬಲಗಾಲು ದುರ್ಬಲ. ಹಾಸಿಗೆಯಿಂದ ಕುರ್ಚಿಗೆ ಒಬ್ಬರ ಮಾಡರೇಟ್ ಅಸಿಸ್ಟ್, 10 ಅಡಿ ನಡಿಗೆ. ನುಂಗುವ ತೊಂದರೆಯಿಂದ ಅರೆದ ಆಹಾರ, ಉಸಿರಿಗೆ ಆಹಾರ ಹೋಗುವ ಅಪಾಯ. ಎರಡು ದಿನದಿಂದ ರಕ್ತದೊತ್ತಡದ ಔಷಧದ ಪ್ರಮಾಣ ಬದಲಾಗುತ್ತಿದೆ, ಇನ್ಸುಲಿನ್ ಹೊಸದು. ಚಟುವಟಿಕೆ ಹೆಚ್ಚಿದಂತೆ ಎರಡನ್ನೂ ವೈದ್ಯರು ಹೊಂದಿಸುತ್ತಿರಬೇಕು. ಸತತ 45 ನಿಮಿಷದ ಥೆರಪಿ ತಡೆದುಕೊಂಡಿದ್ದಾರೆ. ಫಿಸಿಕಲ್, ಆಕ್ಯುಪೇಷನಲ್, ಸ್ಪೀಚ್ ಮೂರೂ ಬೇಕು. 14 ದಿನಗಳಲ್ಲಿ ಮೇಲ್ವಿಚಾರಣೆಯ ಮಟ್ಟ ತಲುಪುವ ನಿರೀಕ್ಷೆ. ಪತ್ನಿ ಆರೋಗ್ಯವಾಗಿದ್ದಾರೆ, 24 ಗಂಟೆಯೂ ಜೊತೆಗಿರುತ್ತಾರೆ, ಮನೆಗೇ ಬಿಡುಗಡೆ.’ ಎಲ್ಲೂ ಬಣ್ಣದ ಮಾತಿಲ್ಲ ಎಂಬುದನ್ನು ಗಮನಿಸಿ. ವೈದ್ಯರು ಯಾಕೆ ಬೇಕು ಎಂಬುದು ಔಷಧದ ಹೆಸರು, ಅಪಾಯದ ಹೆಸರು ಹಿಡಿದು ಬಂದಿದೆ.

ಗಡಿಯಾರದ ಬಗ್ಗೆ ಎಚ್ಚರ. ಪ್ಯಾಸ್ ಪ್ರವೇಶಕ್ಕೆ ಮುಂಚಿನ 48 ಗಂಟೆಯೊಳಗಿನದ್ದಾಗಿರಬೇಕು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಬರೆದಿರಿ, ವಿಮೆಯ ಅನುಮತಿ ಸೋಮವಾರ ಬೆಳಿಗ್ಗೆ ಬಂತು. ಗಡುವು ದಾಟಿದೆ. ಪೂರ್ತಿ ಹೊಸದಾಗಿ ಬರೆಯಬೇಕಿಲ್ಲ, ಆದರೆ ಕಡತ ಮತ್ತೆ ನೋಡಿ, ಬದಲಾವಣೆ ಇದೆಯೇ ಇಲ್ಲವೇ ಎಂದು ದಿನಾಂಕ, ಗಂಟೆ ಸಮೇತ ದಾಖಲಿಸಲೇಬೇಕು. ರಿಹ್ಯಾಬ್ ವೈದ್ಯರು ಅದನ್ನು ಓದಿ ಒಪ್ಪಿದ ದಾಖಲೆಯೂ ರೋಗಿ ಬಂದು ಸೇರುವ ಮುಂಚಿನದ್ದಾಗಿರಬೇಕು. ರೋಗಿ ನಾಲ್ಕಕ್ಕೆ ಬಂದು, ವೈದ್ಯರ ಸಹಿ ನಾಲ್ಕೂವರೆಗೆ ಬಿದ್ದರೆ, ಉಳಿದೆಲ್ಲ ಸರಿಯಿದ್ದರೂ ಇಡೀ ದಾಖಲಾತಿಯ ಹಣ ತಿರಸ್ಕೃತವಾಗಬಹುದು.

ಹಂತ 7: ವಿಮೆಯ ಅನುಮತಿ

ಸಾಂಪ್ರದಾಯಿಕ ಮೆಡಿಕೇರ್‌ಗೆ ಐಆರ್‌ಎಫ್ ಪ್ರವೇಶಕ್ಕೆ ಮೊದಲೇ ಅನುಮತಿ ಕೇಳಬೇಕಿಲ್ಲ. ತನಿಖೆ ಆಮೇಲೆ ಬರಬಹುದು, ಆಗ ಮಾತನಾಡುವುದು ನಿಮ್ಮ ಪ್ಯಾಸ್. ಸ್ನಿಫ್‌ಗೆ ಹೋಗಲು ಮೂರು ದಿನ ಒಳರೋಗಿಯಾಗಿರಬೇಕೆಂಬ ನಿಯಮ ಐಆರ್‌ಎಫ್‌ಗೆ ಅನ್ವಯಿಸುವುದಿಲ್ಲ. ಇದನ್ನು ಎಷ್ಟೋ ಕೇಸ್ ಮ್ಯಾನೇಜರ್‌ಗಳೇ ಮರೆತಿರುತ್ತಾರೆ. ದುಡ್ಡೆಷ್ಟು ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಪಾರ್ಟ್ ಎ (ಮೆಡಿಕೇರ್‌ನ ಆಸ್ಪತ್ರೆ ವಿಮೆ) ಡಿಡಕ್ಟಿಬಲ್, ಅಂದರೆ ಮೊದಲು ರೋಗಿಯೇ ಕಟ್ಟುವ ಮೊತ್ತ, 2025ರಲ್ಲಿ 1,676 ಡಾಲರ್ ಇತ್ತು, ಪ್ರತಿವರ್ಷ ಬದಲಾಗುತ್ತದೆ. ಆಸ್ಪತ್ರೆಯಿಂದ ನೇರ ಐಆರ್‌ಎಫ್‌ಗೆ ಬಂದರೆ ಅದೇ ಅವಧಿಯಲ್ಲಿ ಅದನ್ನು ಎರಡನೇ ಸಲ ಕಟ್ಟಬೇಕಿಲ್ಲ.

ಜಗ್ಗಾಟವೆಲ್ಲ ಮೆಡಿಕೇರ್ ಅಡ್ವಾಂಟೇಜ್‌ನದ್ದು, ಅಂದರೆ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್‌ನದ್ದು. ಈಗ ಮೆಡಿಕೇರ್‌ನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇದರಲ್ಲೇ ಇದ್ದಾರೆ. ಮುಂಗಡ ಅನುಮತಿಯನ್ನು ‘ತುರ್ತು’ ಎಂದೇ ಕೇಳಿ. ಆಗ 72 ಗಂಟೆಯೊಳಗೆ ಉತ್ತರ ಬರಬೇಕು. ಸಾಮಾನ್ಯ ಅರ್ಜಿ ಹಾಕಿ ಕಾದು ಕೂತರೆ ದಿನಗಳು ಕಳೆಯುತ್ತವೆ.

ತಿರಸ್ಕಾರದ ಒಕ್ಕಣೆ ಬಹುಪಾಲು ಒಂದೇ: ‘ಕೆಳ ಮಟ್ಟದ ಆರೈಕೆ ಸಾಕು’, ಎಂದರೆ ಸ್ನಿಫ್‌ಗೆ ಕಳಿಸಿ. 2024ರ ಜನವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಈ ಕಂಪನಿಗಳೂ ಸಾಂಪ್ರದಾಯಿಕ ಮೆಡಿಕೇರ್‌ನ ಐಆರ್‌ಎಫ್ ಮಾನದಂಡವನ್ನೇ ಪಾಲಿಸಬೇಕು. ರೋಗಿ ಆ ಐದು ಸಂಗತಿಗಳನ್ನು ಪೂರೈಸುತ್ತಿದ್ದರೆ ಬೇರೆ ಮಟ್ಟಕ್ಕೆ ತಿರುಗಿಸುವಂತಿಲ್ಲ. ಮೇಲ್ಮನವಿಯಲ್ಲಿ ‘42 ಸಿಎಫ್‌ಆರ್ 412.622’ ಎಂದು ಆ ಮಾನದಂಡದ ನಿಯಮ ಸಂಖ್ಯೆ ಹಾಕಿಯೇ ಬರೆಯಿರಿ.

ತಿರಸ್ಕಾರ ಬಂದ ಮೇಲೆ ಮಾಡಬೇಕಾದದ್ದು: ಮೊದಲು ‘ಪಿಯರ್ ಟು ಪಿಯರ್’, ಅಂದರೆ ನಮ್ಮ ಕಡೆಯ ವೈದ್ಯರು ಕಂಪನಿಯ ವೈದ್ಯರೊಡನೆ ಫೋನ್‌ನಲ್ಲಿ ವಾದಿಸುವುದು. ಇದರ ಗಡುವು ಕೆಲವೇ ಗಂಟೆಗಳದ್ದಿರಬಹುದು, ಆದ್ದರಿಂದ ಪತ್ರ ಬಂದ ನಿಮಿಷವೇ ಗಡುವು ಕೇಳಿ ಬರೆದಿಟ್ಟುಕೊಳ್ಳಿ. ಯಾರು ಮಾತನಾಡುತ್ತಾರೋ ಅವರ ಕೈಗೆ ಐದು ಸಾಲಿನ ಟಿಪ್ಪಣಿ ಕೊಡಿ. ರೋಗಿಯನ್ನು ಬೆಳಿಗ್ಗೆ ಒಂದು ನಿಮಿಷ ಕಂಡ ವೈದ್ಯರಿಗೆ ನಡಿಗೆ ಎಷ್ಟು ಅಡಿ ಎಂದು ಗೊತ್ತಿರುವುದಿಲ್ಲ. ಅಲ್ಲೂ ಸೋತರೆ ತುರ್ತು ಮರುಪರಿಶೀಲನೆ. ಅದನ್ನು ರೋಗಿಯೂ ಕೇಳಬಹುದು, ಅವರ ಪರವಾಗಿ ವೈದ್ಯರೂ ಕೇಳಬಹುದು, ಅದಕ್ಕೂ 72 ಗಂಟೆ. ಅಲ್ಲೂ ಇಲ್ಲವೆಂದರೆ ಪ್ರಕರಣ ತಾನಾಗಿ ಸ್ವತಂತ್ರ ಪರಿಶೀಲಕರ ಬಳಿ ಹೋಗುತ್ತದೆ. ಅನೇಕರು ಮೊದಲ ‘ಇಲ್ಲ’ಕ್ಕೇ ಕಡತ ಮುಚ್ಚಿಬಿಡುತ್ತಾರೆ.

ಹಂತ 8: ಕೇಸ್ ಮ್ಯಾನೇಜರ್, ಕಾನೂನು

ನಿಮಗೆ ರೋಗಿಯ ಹೆಸರು ಕಳಿಸುವವರು ಆಸ್ಪತ್ರೆಯ ಕೇಸ್ ಮ್ಯಾನೇಜರ್. ಕೇರ್‌ಪೋರ್ಟ್‌ನಂಥ ತಂತ್ರಾಂಶದ ಮೂಲಕ ಕಳಿಸುತ್ತಾರೆ. ಅವರಿಗೆ ಬೇಕಿರುವುದು ಬೇಗನೆ ಒಂದು ನೇರ ಉತ್ತರ. ‘ಇಲ್ಲ’ ಎನ್ನುವುದಾದರೆ ಒಂದು ಗಂಟೆಯಲ್ಲಿ ಹೇಳಿ, ಕಾರಣ ಹೇಳಿ, ಏನಾದರೆ ‘ಹೌದು’ ಆಗುತ್ತದೆ ಎಂದೂ ಹೇಳಿ. ಎರಡು ದಿನ ತೂಗಾಡಿಸಿ ಇಲ್ಲ ಎಂದವರಿಗೆ ಮುಂದಿನ ಹೆಸರು ಬರುವುದಿಲ್ಲ.

ದಾಟಬಾರದ ಗೆರೆಗಳಿವೆ. ನಿಮಗೆ ಕಳಿಸದ ರೋಗಿಯ ಕಡತ ತೆರೆಯಬೇಡಿ. ವಾರ್ಡಿನ ಪಟ್ಟಿ ಜಾಲಾಡಿ ‘ಯಾರಾದರೂ ಸಿಗುತ್ತಾರೆಯೇ’ ಎಂದು ನೋಡುವುದು ಹಿಪಾ ಎಂಬ ಗೋಪ್ಯತಾ ಕಾಯ್ದೆಯ ಉಲ್ಲಂಘನೆ, ಪ್ರತಿ ಕ್ಲಿಕ್ಕೂ ದಾಖಲಾಗುತ್ತದೆ. ರೋಗಿಯ ವಿವರದ ಫೋಟೊ ಸ್ವಂತ ಫೋನ್‌ನಲ್ಲಿ ಇರಬಾರದು. ಎಲ್ಲಿಗೆ ಹೋಗಬೇಕು ಎಂಬ ಆಯ್ಕೆ ರೋಗಿಯದ್ದು, ‘ನಿಮ್ಮ ಡಾಕ್ಟರ್ ನಮ್ಮನ್ನೇ ಆರಿಸಿದ್ದಾರೆ’ ಎನ್ನಬೇಡಿ. ರೋಗಿಗಳನ್ನು ಕಳಿಸಿದ್ದಕ್ಕೆ ಪ್ರತಿಯಾಗಿ ಏನು ಕೊಟ್ಟರೂ ಆ್ಯಂಟಿ-ಕಿಕ್‌ಬ್ಯಾಕ್ ಕಾಯ್ದೆಯಡಿ ಅಪರಾಧ. ಶಿಕ್ಷೆ 1,00,000 ಡಾಲರ್‌ವರೆಗೆ ದಂಡ, 10 ವರ್ಷದವರೆಗೆ ಸೆರೆ. ಗಿಫ್ಟ್ ಕಾರ್ಡ್ ಒಂದೇ ಅಲ್ಲ, ಅವರು ಮಾಡಬೇಕಾದ ಬಿಡುಗಡೆಯ ಕೆಲಸವನ್ನು ನೀವು ಪುಕ್ಕಟೆ ಮಾಡಿಕೊಡುವುದನ್ನೂ ‘ಕೊಡುಗೆ’ ಎಂದು ಎಣಿಸಬಹುದು. ಹಬ್ಬಕ್ಕೆಂದು ಡಬ್ಬಿ ತುಂಬ ಸಿಹಿ ಒಯ್ಯುವ ನಮ್ಮ ರೂಢಿಯನ್ನು ನಿಯಮಪಾಲನೆ ನೋಡುವ ಕಂಪ್ಲಯನ್ಸ್ ವಿಭಾಗವನ್ನು ಕೇಳಿಯೇ ಪಾಲಿಸುವುದು ಕ್ಷೇಮ.

ಹಂತ 9: ಕೆಲಸ ಹುಡುಕುವುದು

ಜಾಹೀರಾತಿನಲ್ಲಿ ‘ಕ್ಲಿನಿಕಲ್ ಲಿಯಾಸನ್’, ‘ರಿಹ್ಯಾಬ್ ಲಿಯಾಸನ್’, ‘ಅಡ್ಮಿಷನ್ಸ್ ಲಿಯಾಸನ್’ ಎಂದೆಲ್ಲ ಇರುತ್ತದೆ. ಹಾಸ್ಪಿಸ್ (ಕೊನೆಗಾಲದ ಆರೈಕೆ), ಹೋಮ್ ಹೆಲ್ತ್‌ಗಳೂ ಇದೇ ಹೆಸರು ಬಳಸುತ್ತವೆ, ಆ ಕೆಲಸ ಬೇರೆ. ಎನ್‌ಕಂಪಾಸ್ ಹೆಲ್ತ್, ಸೆಲೆಕ್ಟ್ ಮೆಡಿಕಲ್, ಲೈಫ್‌ಪಾಯಿಂಟ್ ದೊಡ್ಡ ಸಮೂಹಗಳು. ದೊಡ್ಡ ಆಸ್ಪತ್ರೆಗಳ ಒಳಗೇ ಇರುವ ರಿಹ್ಯಾಬ್ ವಿಭಾಗಗಳನ್ನೂ ಮರೆಯಬೇಡಿ. ಅಲ್ಲಿ ಓಡಾಟ ಕಡಿಮೆ, ಹೊಸಬರಿಗೆ ಹೇಳಿಕೊಡುವವರು ಪಕ್ಕದಲ್ಲೇ ಇರುತ್ತಾರೆ.

ರೆಸ್ಯೂಮೆಯಲ್ಲಿ ‘ರೋಗಿಗಳ ಆರೈಕೆ’ ಎಂದು ಬರೆದು ಬಿಡಬೇಡಿ. ಬಿಡುಗಡೆ ಸಭೆಗಳಲ್ಲಿ ಪಾಲ್ಗೊಂಡಿದ್ದು, ಪಾರ್ಶ್ವವಾಯು ರೋಗಿಗಳನ್ನು ನೋಡಿಕೊಂಡಿದ್ದು, ವಿಮೆಯ ದಾಖಲೆ ಸಿದ್ಧಪಡಿಸಿದ್ದು, ಬಳಸಿದ ತಂತ್ರಾಂಶ ಇವನ್ನು ಬಿಡಿಸಿ ಬರೆಯಿರಿ. ನಿಮ್ಹಾನ್ಸ್‌ನಂಥ ಕಡೆ ನರಪುನರ್ವಸತಿಯಲ್ಲಿ ದುಡಿದಿದ್ದರೆ ಯಾವ ಬಗೆಯ ರೋಗಿಗಳು ಎಂದು ವಿವರಿಸಿ. ಸಂಸ್ಥೆಯ ಹೆಸರು ಮಾತ್ರ ಬರೆದರೆ ಅಲ್ಲಿಯವರಿಗೆ ಏನೂ ತಿಳಿಯುವುದಿಲ್ಲ.

ಸಂದರ್ಶನದಲ್ಲಿ ಎಂಥ ರೋಗಿಯನ್ನು ಬೇಡ ಎನ್ನುತ್ತೀರಿ ಎಂದು ಕೇಳುವ ಸಂಭವ ಹೆಚ್ಚು. ನಿಜವಾದ ಕಾರಣದೊಡನೆ ಒಂದು ಉದಾಹರಣೆ ಸಿದ್ಧವಿರಲಿ. ನೀವು ಅವರನ್ನು ಕೇಳಬೇಕಾದದ್ದು ಇನ್ನೂ ಮುಖ್ಯ: ಎಷ್ಟು ಆಸ್ಪತ್ರೆ, ಎಷ್ಟು ಮೈಲಿ? ಎರಡು ರಾಜ್ಯಗಳ ಗಡಿಯಾದರೆ ಎರಡೂ ಕಡೆಗೆ ಲೈಸೆನ್ಸ್ ಬೇಕೇ, ಹಲವು ರಾಜ್ಯಗಳಿಗೆ ಒಟ್ಟಿಗೆ ಅನ್ವಯಿಸುವ ಕಾಂಪ್ಯಾಕ್ಟ್ ಲೈಸೆನ್ಸ್ ನಡೆಯುತ್ತದೆಯೇ? ವಾರಾಂತ್ಯದ ಸರದಿ ಹೇಗೆ? ವಿಮೆಯ ಅನುಮತಿ ಯಾರು ನೋಡುತ್ತಾರೆ? ರಾತ್ರಿ ಎಂಟಕ್ಕೆ ಪ್ಯಾಸ್ ಕಳಿಸಿದರೆ ವೈದ್ಯರು ಎಷ್ಟು ಹೊತ್ತಿಗೆ ಓದುತ್ತಾರೆ? ಕಾರಿನ ಖರ್ಚು ಹೇಗೆ ಕೊಡುತ್ತಾರೆ? (ತೆರಿಗೆ ಇಲಾಖೆಯ ದರ 2025ರಲ್ಲಿ ಮೈಲಿಗೆ 70 ಸೆಂಟ್ ಇತ್ತು, ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ.)

ಬೋನಸ್ ವಿಚಾರದಲ್ಲಿ ಕಣ್ಣು ತೆರೆದು ಸಹಿ ಹಾಕಿ. ಡಬ್ಲ್ಯು-2 (ಸಂಬಳದ ತೆರಿಗೆ ಪತ್ರ) ಮೇಲಿನ ನಿಜವಾದ ನೌಕರರಿಗೆ ಕೊಡುವ ಬೋನಸ್‌ಗೆ ಕಿಕ್‌ಬ್ಯಾಕ್ ಕಾಯ್ದೆಯಲ್ಲಿ ರಕ್ಷಣೆ ಇದೆ. ‘1099 ಗುತ್ತಿಗೆ, ಪ್ರತಿ ಪ್ರವೇಶಕ್ಕೆ ಇಷ್ಟು ಡಾಲರ್’ ಎಂದು ಯಾರಾದರೂ ಕರೆದರೆ ಆ ರಕ್ಷಣೆ ನಿಮಗಿರುವುದಿಲ್ಲ. ಒಪ್ಪಬೇಡಿ.

ಕೆಲಸ ಸಿಕ್ಕ ಮೇಲೂ ಮೊದಲ ದಿನವೇ ಆಸ್ಪತ್ರೆಗಳಿಗೆ ಕಾಲಿಡಲಾಗದು. ಪ್ರತಿ ಆಸ್ಪತ್ರೆಯೂ ಹೊರಗಿನವರ ನೋಂದಣಿ, ಫ್ಲೂ ಲಸಿಕೆ, ಕ್ಷಯ ಪರೀಕ್ಷೆ, ಹಿನ್ನೆಲೆ ತಪಾಸಣೆ ಕೇಳುತ್ತದೆ, ಕಡತ ಓದುವ ಲಾಗಿನ್ ಅದಾದ ಮೇಲೆ. ಸೇರುವ ದಿನಾಂಕ ಗೊತ್ತಾದ ವಾರವೇ ಲಸಿಕೆಯ ದಾಖಲೆಗಳನ್ನು ಒಟ್ಟುಮಾಡಿ. ಲಾಗಿನ್ ಬರುವವರೆಗಿನ ದಿನಗಳನ್ನು ನಿಮ್ಮದೇ ಐಆರ್‌ಎಫ್ ವಾರ್ಡಿನಲ್ಲಿ ಕಳೆಯಿರಿ. ಕಳೆದ ತಿಂಗಳು ಬಂದ ಹತ್ತು ರೋಗಿಗಳ ಪ್ಯಾಸ್ ತೆಗೆದು, ಅದರಲ್ಲಿ ಬರೆದ ನಿರೀಕ್ಷೆ ಮತ್ತು ಬಿಡುಗಡೆಯ ದಿನದ ಸ್ಥಿತಿ ಅಕ್ಕಪಕ್ಕ ಇಟ್ಟು ನೋಡಿ. ವಾಪಸ್ ಆಸ್ಪತ್ರೆಗೆ ಹೋದವರ ಪ್ಯಾಸ್‌ನಲ್ಲಿ ಯಾವ ಸಾಲು ಇರಲಿಲ್ಲ ಎಂದು ಅಲ್ಲಿನ ಚಾರ್ಜ್ ನರ್ಸ್ ಅವರನ್ನು ಕೇಳಿ, ಬರೆದಿಟ್ಟುಕೊಳ್ಳಿ.